ಹಿಂದಿನ ಚಕ್ರದ ಹಬ್ ಬೇರಿಂಗ್ ಹೋಗಿದೆ, ಮನೆಯಲ್ಲೇ ಬದಲಾಯಿಸಬಹುದಾ?

ಮಣ್ಣುದಾರಿ · ಶನಿವಾರ ಬೆಳಗ್ಗೆ
ಎಲ್ಲರಿಗೂ ನಮಸ್ಕಾರ. ನನ್ನ ಮೌಂಟನ್ ಬೈಕಿನ ಹಿಂದಿನ ಚಕ್ರ ಅಲ್ಲಾಡುತ್ತಿದೆ. ಒಂದು ಕೈಯಲ್ಲಿ ಫ್ರೇಮ್ ಹಿಡಿದು ಇನ್ನೊಂದು ಕೈಯಲ್ಲಿ ಟೈರನ್ನು ಎಡಕ್ಕೆ ಬಲಕ್ಕೆ ತಳ್ಳಿದರೆ ಒಂದೆರಡು ಮಿ.ಮೀ. ಪ್ಲೇ ಕೈಗೆ ಗೊತ್ತಾಗುತ್ತದೆ. ಚಕ್ರ ಬಿಚ್ಚಿ ಆಕ್ಸೆಲ್ ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದೆ. ಗೇರ್ ಇರುವ ಕಡೆ ಮರಳು ಅರೆದ ಹಾಗೆ ಕರಕರ ಅನ್ನುತ್ತದೆ. ಡಿಸ್ಕ್ ಕಡೆ ಪರವಾಗಿಲ್ಲ. ಇನ್ನೊಂದು ಸದ್ದೂ ಇದೆ. ಏರು ಹತ್ತುವಾಗ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಲ ‘ಟಕ್’. ಅದೂ ಇದರದ್ದೇ ಇರಬೇಕು.

ಹಬ್ (ಚಕ್ರದ ನಡುಭಾಗ) 12×148, ಅಂದರೆ ಆಕ್ಸೆಲ್ 12 ಮಿ.ಮೀ. ದಪ್ಪ, ಹಬ್ 148 ಅಗಲ. ಸೀಲ್ಡ್ ಬೇರಿಂಗ್. ಎರಡು ವರ್ಷದಿಂದ ಮಳೆ, ಕೆಸರು, ಮೊಣಕಾಲುದ್ದ ನೀರು ಎಲ್ಲ ನೋಡಿದೆ. ಒಂದು ಸಲವೂ ಬಿಚ್ಚಿಲ್ಲ (ಬೈಯಬೇಡಿ). ನನ್ನ ಹತ್ತಿರ ಬೇರಿಂಗ್ ಒತ್ತುವ ಪ್ರೆಸ್ ಇಲ್ಲ, ಎಳೆದು ತೆಗೆಯುವ ಪುಲ್ಲರ್ ಇಲ್ಲ. ಸುತ್ತಿಗೆ, ಒಂದು ಸಾಕೆಟ್ ಸೆಟ್, ಮತ್ತೆ ಸಾಕಷ್ಟು ಧೈರ್ಯ ಇದೆ. ಸಾಲುತ್ತದಾ?

ಏರುಪೇರು · ಶನಿವಾರ ಬೆಳಗ್ಗೆ
ಧೈರ್ಯ ಜಾಸ್ತಿ ಇದ್ದ ದಿನ ಸುತ್ತಿಗೆ ಬಚ್ಚಿಡಿ.

ಸದ್ದುಗದ್ದಲ · ಶನಿವಾರ ಬೆಳಗ್ಗೆ
ಪೆಡಲ್ ಸುತ್ತಿಗೆ ಒಂದು ಸಲ ಬರುವ ಟಕ್ ಹಬ್‌ನದ್ದಲ್ಲ. ಪೆಡಲ್ ಒಂದು ಸುತ್ತು ಬಂದಾಗ ಚಕ್ರ ಗೇರಿಗೆ ತಕ್ಕಂತೆ ಒಂದು ಸುತ್ತೋ ಎರಡು ಸುತ್ತೋ ಬಂದಿರುತ್ತದೆ. ಗೇರ್ ಬದಲಿಸಿದರೂ ಸದ್ದು ಪೆಡಲ್ ಲೆಕ್ಕಕ್ಕೇ ಬರುತ್ತಿದ್ದರೆ ಅದು ಪೆಡಲ್, ಕ್ರ್ಯಾಂಕ್, ಇಲ್ಲದಿದ್ದರೆ ಸೀಟು. ಮೊದಲು ಪೆಡಲ್ ಬಿಚ್ಚಿ ನೋಡಿ.

ಮಣ್ಣುದಾರಿ · ಶನಿವಾರ ಬೆಳಗ್ಗೆ
ಇರಬಹುದು ಸರ್. ಆದರೆ ಸದ್ದು ಹಿಂದಿನಿಂದಲೇ ಬರುತ್ತದೆ. ಬೇರಿಂಗ್ ಮುಗಿಸಿ ಆಮೇಲೆ ಅದನ್ನು ನೋಡುತ್ತೇನೆ.

ಸದ್ದುಗದ್ದಲ · ಶನಿವಾರ ಬೆಳಗ್ಗೆ
ಫ್ರೇಮಿನಲ್ಲಿ ಸದ್ದು ಎಲ್ಲಿಂದ ಬೇಕಾದರೂ ಬಂದ ಹಾಗೆ ಕೇಳುತ್ತದೆ. ನಿಮ್ಮಿಷ್ಟ.

ತಗ್ಗುದಿಣ್ಣೆ · ಶನಿವಾರ ಮಧ್ಯಾಹ್ನ
ಹಿಂದೆ ಸಸ್ಪೆನ್ಶನ್ ಇರುವ ಬೈಕ್ ಆದರೆ ಅಲ್ಲಾಡುವುದು ಹಬ್ಬೇ ಅಂತ ಹೇಳಲಾಗದು. ಪಿವಟ್ (ಸಸ್ಪೆನ್ಶನ್ ಆಡುವ ಕೀಲು) ಬೇರಿಂಗ್ ಹೋದರೂ ಟೈರ್ ಹೀಗೇ ಅಲ್ಲಾಡುತ್ತದೆ. ಚಕ್ರ ಅಲ್ಲಾಡಿಸುವಾಗ ಹೆಬ್ಬೆರಳನ್ನು ರಿಮ್ ಮತ್ತು ಸೀಟ್‌ಸ್ಟೇ (ಸೀಟಿನ ಕೆಳಗಿಂದ ಹಿಂದಿನ ಚಕ್ರಕ್ಕೆ ಬರುವ ಫ್ರೇಮ್ ಕೊಳವೆ) ಎರಡಕ್ಕೂ ತಾಗುವಂತೆ ಇಡಿ. ಎರಡರ ನಡುವಿನ ಸಂದು ಹೆಚ್ಚು ಕಡಿಮೆ ಆದರೆ ಹಬ್. ಎರಡೂ ಒಟ್ಟಿಗೇ ಆಡಿದರೆ ಪಿವಟ್. ನಾನು ಒಮ್ಮೆ ಹಬ್ ಪೂರ್ತಿ ಬಿಚ್ಚಿ ಹೊಸ ಬೇರಿಂಗ್ ಹಾಕಿ ಜೋಡಿಸಿದ ಮೇಲೆ ಪಿವಟ್ ಬೋಲ್ಟ್ ಸಡಿಲ ಇದ್ದದ್ದು ಗೊತ್ತಾಯಿತು.

ಮಣ್ಣುದಾರಿ · ಶನಿವಾರ ಮಧ್ಯಾಹ್ನ
ನನ್ನದು ಹಾರ್ಡ್‌ಟೇಲ್, ಹಿಂದೆ ಸಸ್ಪೆನ್ಶನ್ ಇಲ್ಲ. ಹೆಬ್ಬೆರಳು ಇಟ್ಟು ನೋಡಿದೆ, ಸಂದು ಆಡುತ್ತಿದೆ. ಹಬ್ಬೇ.

ಚೈನ್‌ಕಟ್ · ಶನಿವಾರ ಮಧ್ಯಾಹ್ನ
ಬದಲಾಯಿಸುವ ಮೊದಲು ಸೀಲ್ ತೆಗೆದು ಹೊಸ ಗ್ರೀಸ್ ತುಂಬಿ ನೋಡಬಹುದಲ್ವಾ? ತೆಳು ಚಾಕುವಿನ ತುದಿಯನ್ನು ಒಳರಿಂಗ್ ಕಡೆಯ ಅಂಚಿನಲ್ಲಿ ತೂರಿಸಿ ಎತ್ತಿದರೆ ರಬ್ಬರ್ ಸೀಲ್ ಸಲೀಸಾಗಿ ಬರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಾಕಿ, ಸೀಲನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸುವುದು. ಬಿಚ್ಚುವ ರಗಳೆಯೇ ಇಲ್ಲ.

ಗ್ರೀಸ್‌ಕೈ · ಶನಿವಾರ ಮಧ್ಯಾಹ್ನ
ಕರಕರ ಶುರುವಾಗುವ ಮೊದಲಾದರೆ ನೀವು ಹೇಳಿದ್ದು ಸರಿ. ಶುರುವಾದ ಮೇಲೆ ಅಲ್ಲ. ಕರಕರ ಅಂದರೆ ಗುಂಡು ಓಡುವ ಹಳಿಯಲ್ಲಿ ಗುಳಿ ಬಿದ್ದಿದೆ. ಗುಳಿಗೆ ಗ್ರೀಸ್ ತುಂಬಿದರೆ ಗ್ರೀಸ್ ತುಂಬಿದ ಗುಳಿ ಸಿಗುತ್ತದೆ, ಅಷ್ಟೇ. ಎರಡು ವಾರ ಸದ್ದು ಇರುವುದಿಲ್ಲ, ಮೂರನೇ ವಾರ ವಾಪಸ್. ಪ್ಲೇ ಅಂತೂ ಹೋಗುವುದೇ ಇಲ್ಲ.

ಚೈನ್‌ಕಟ್ · ಶನಿವಾರ ಮಧ್ಯಾಹ್ನ
ನಾನು ಹಾಗೆ ಮಾಡಿ ಒಂದು ವರ್ಷ ಓಡಿಸಿದ್ದೇನೆ.

ಗ್ರೀಸ್‌ಕೈ · ಶನಿವಾರ ಮಧ್ಯಾಹ್ನ
ಹಾಗಾದರೆ ನಿಮ್ಮ ಬೇರಿಂಗ್ ಹೋಗಿರಲಿಲ್ಲ ಮಾರಾಯ್ರೆ, ಬರೀ ಒಣಗಿತ್ತು.

ಎರಡುಚಕ್ರದವಳು · ಶನಿವಾರ ಸಂಜೆ
ಸುತ್ತಿಗೆ ಮತ್ತು ಸಾಕೆಟ್‌ನಲ್ಲಿ ಆಗುತ್ತದೆ. ಪ್ರೆಸ್‌ಗೆ ಬದಲಾಗಿ ಒಂದು ಅಡಿ ಉದ್ದದ ಥ್ರೆಡ್ ರಾಡ್, ಎರಡು ನಟ್ಟು, ನಾಲ್ಕಾರು ದಪ್ಪ ವಾಷರ್ ಸಾಕು. ನಾನು ಮಾಡುವ ರೀತಿ ಹೇಳುತ್ತೇನೆ. ನಿಮ್ಮ ಹಬ್‌ನಲ್ಲಿ ಒಂದೆರಡು ಕಡೆ ಬೇರೆ ಇರಬಹುದು.

ಮೊದಲು ಕ್ಯಾಸೆಟ್ (ಹಿಂದಿನ ಗೇರ್ ಹಲ್ಲುಚಕ್ರಗಳ ಗೊಂಚಲು) ಮತ್ತು ಡಿಸ್ಕ್ ತೆಗೆಯಿರಿ. ಡಿಸ್ಕ್‌ಗೆ ಗ್ರೀಸ್ ಕೈ ತಾಗಿದರೆ ಬ್ರೇಕ್ ಪ್ಯಾಡೂ ಹೋಯಿತು ಅಂತಲೇ ಲೆಕ್ಕ. ಎರಡು ಬದಿಯ ಎಂಡ್‌ಕ್ಯಾಪ್‌ಗಳು ಹೆಚ್ಚಿನ ಹಬ್‌ಗಳಲ್ಲಿ ಕೈಯಲ್ಲಿ ಎಳೆದರೆ ಬರುತ್ತವೆ. ಆಮೇಲೆ ಫ್ರೀಹಬ್ (ಕ್ಯಾಸೆಟ್ ಕೂರುವ, ಒಂದೇ ದಿಕ್ಕಿಗೆ ಹಿಡಿಯುವ ಭಾಗ) ಎಳೆಯಿರಿ. ಎಳೆಯುವ ಮುಂಚೆ ಕೆಳಗೆ ಬಿಳಿ ಬಟ್ಟೆ ಹಾಸಿ. ಪಾಲ್ (ಫ್ರೀಹಬ್ಬನ್ನು ಹಿಡಿಯುವ ಕೊಕ್ಕೆ) ಹಿಂದಿನ ಸ್ಪ್ರಿಂಗ್ ಹಾರಿತು ಅಂದರೆ ಆವತ್ತಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ತೆಳು ವಾಷರ್ ಯಾವ ಕಡೆ ಇತ್ತು ಅನ್ನುವುದು ರಾತ್ರಿ ಹನ್ನೊಂದಕ್ಕೆ ನೆನಪಾಗುವುದಿಲ್ಲ.

ಈಗ ಹಬ್ ಒಳಗೆ ಎರಡು ಬೇರಿಂಗ್, ನಡುವೆ ಆಕ್ಸೆಲ್. ಆಕ್ಸೆಲ್ ಮೇಲೆ ಎರಡು ಮೆಟ್ಟಿಲು ಇರುತ್ತವೆ, ಅವಕ್ಕೆ ಬೇರಿಂಗಿನ ಒಳರಿಂಗ್ ತಾಗಿ ಕೂತಿರುತ್ತದೆ. ಒಂದು ತುದಿಯಿಂದ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಆಕ್ಸೆಲ್ ಹೊಡೆದರೆ ಎದುರಿನ ಬೇರಿಂಗನ್ನು ಅದೇ ತಳ್ಳಿಕೊಂಡು ಹೊರಗೆ ಬರುತ್ತದೆ. ಉಳಿದದ್ದನ್ನು ಒಳಗಿನಿಂದ ಉದ್ದ ಪಂಚ್ ಇಟ್ಟು ಸುತ್ತಲೂ ಸ್ವಲ್ಪ ಸ್ವಲ್ಪ ತಟ್ಟಿ ತೆಗೆಯಬೇಕು. ಒಂದೇ ಕಡೆ ಹೊಡೆದರೆ ಬೇರಿಂಗ್ ಓರೆಯಾಗಿ ಗೂಡನ್ನು ಕೆರೆಯುತ್ತದೆ. ಗೂಡು ಅಲ್ಯೂಮಿನಿಯಂ, ಬೇರಿಂಗ್ ಗಟ್ಟಿ ಸ್ಟೀಲು. ಪೆಟ್ಟು ತಿನ್ನುವುದು ಗೂಡೇ.

ಹಾಕುವಾಗ ಒಂದೇ ನಿಯಮ: ಒತ್ತುವುದು ಹೊರರಿಂಗ್ ಮೇಲೆ. ಒಳರಿಂಗ್ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹೋಗಿ ಹಳಿಯಲ್ಲಿ ಗುಳಿ ಬೀಳುತ್ತದೆ. ಹೊಸ ಬೇರಿಂಗ್ ಹಾಕಿದ ದಿನವೇ ಹಳೆಯದಾಗುತ್ತದೆ.

ಹೊಸಬ29 · ಶನಿವಾರ ಸಂಜೆ
ಹಾಗಾದರೆ ತೆಗೆಯುವಾಗ ಒಳರಿಂಗ್ ಮೇಲೆ ಹೊಡೆಯುತ್ತೀವಲ್ಲ ಅಕ್ಕಾ, ಆ ಬೇರಿಂಗ್ ಗತಿ?

ಎರಡುಚಕ್ರದವಳು · ಶನಿವಾರ ಸಂಜೆ
ಕಸದ ಬುಟ್ಟಿ. ಹೊಡೆದು ತೆಗೆದ ಬೇರಿಂಗನ್ನು ವಾಪಸ್ ಹಾಕಬಾರದು. ಒಂದನ್ನು ಮಾತ್ರ ಇಟ್ಟುಕೊಳ್ಳಿ, ಹೊಸದನ್ನು ಒತ್ತುವಾಗ ಮಧ್ಯೆ ಇಡಲು ಬೇಕಾಗುತ್ತದೆ. ಅದರ ಹೊರ ಅಂಚನ್ನು ಸ್ವಲ್ಪ ಉಜ್ಜಿ ಸಣ್ಣದು ಮಾಡಿ, ಇಲ್ಲದಿದ್ದರೆ ಅದೂ ಗೂಡಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. (ಹೇಗೆ ಗೊತ್ತು ಅಂತ ಕೇಳಬೇಡಿ.)

ಮಣ್ಣುದಾರಿ · ಶನಿವಾರ ರಾತ್ರಿ
ತುಂಬಾ ಥ್ಯಾಂಕ್ಸ್. ಬೇರಿಂಗ್ ಸೀಲ್ ಮೇಲೆ 6902 2ಆರ್‌ಎಸ್ ಅಂತ ಇದೆ. ಫ್ರೀಹಬ್ ಒಳಗಿನದು 6802. ಒಂದೇ ಅಂಕಿ ವ್ಯತ್ಯಾಸ. ಒಂದರ ಬದಲು ಇನ್ನೊಂದು ಹಾಕಿದರೆ ನಡೆಯುತ್ತದಾ?

ಅಳತೆಪಟ್ಟಿ · ಶನಿವಾರ ರಾತ್ರಿ
ಖಂಡಿತ ಇಲ್ಲ. ಈ ನಂಬರ್ ಓದುವುದು ಒಮ್ಮೆ ಗೊತ್ತಾದರೆ ಆಮೇಲೆ ಸುಲಭ. ಮೊದಲ 6 ಅಂದರೆ ಡೀಪ್ ಗ್ರೂವ್ ಬಾಲ್ ಬೇರಿಂಗ್. ಎರಡನೇ ಅಂಕಿ ಎಷ್ಟು ದಪ್ಪ ಮೈ ಅನ್ನುವುದು. ಕೊನೆಯ ಎರಡು ಅಂಕಿ ಒಳರಂಧ್ರ: 00 ಅಂದರೆ 10 ಮಿ.ಮೀ., 01 ಅಂದರೆ 12, 02 ಅಂದರೆ 15, 03 ಅಂದರೆ 17. 04ರಿಂದ ಮುಂದೆ ಐದರಿಂದ ಗುಣಿಸಿದರೆ ಆಯಿತು, 04 ಅಂದರೆ 20, 05 ಅಂದರೆ 25.

ಹಾಗಾಗಿ ನಿಮ್ಮ ಎರಡಕ್ಕೂ ಒಳರಂಧ್ರ 15. ಆದರೆ 6902 ಹೊರಗೆ 28, ದಪ್ಪ 7. 6802 ಹೊರಗೆ 24, ದಪ್ಪ 5. ಕೆಲವರು 61902 ಅಂತ ಬರೆಯುತ್ತಾರೆ, ಅದೂ 6902 ಅಳತೆಯೇ, ಗಾಬರಿ ಬೇಡ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಜ಼ಡ್‌ಜ಼ಡ್ ಅಂತ ಇದ್ದರೆ ತಗಡಿನ ಮುಚ್ಚಳ, ಧೂಳನ್ನು ಅಷ್ಟಿಷ್ಟು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಹಬ್‌ಗೆ ಅದು ಬೇಡ. ಆದರೂ ನಂಬರ್ ನಂಬಿ ಕೂರಬೇಡಿ, ವರ್ನಿಯರ್‌ನಲ್ಲಿ ಅಳೆಯಿರಿ. ಕೆಲವು ಹಬ್‌ಗಳಲ್ಲಿ 15×26×7 ಥರದ ಪಟ್ಟಿಯಲ್ಲಿಲ್ಲದ ಅಳತೆ ಬರುತ್ತದೆ.

ತಗ್ಗುದಿಣ್ಣೆ · ಶನಿವಾರ ರಾತ್ರಿ
ಹಾಕುವುದೇ ಆದರೆ ಸೆರಾಮಿಕ್ ಹಾಕಿ. ತುಕ್ಕು ಹಿಡಿಯುವುದಿಲ್ಲ, ಬೆಣ್ಣೆ ಥರ ತಿರುಗುತ್ತದೆ.

ಅಳತೆಪಟ್ಟಿ · ಶನಿವಾರ ರಾತ್ರಿ
ಸಾಮಾನ್ಯವಾಗಿ ಸಿಗುವ ಸೆರಾಮಿಕ್ ಬೇರಿಂಗ್‌ನಲ್ಲಿ ಗುಂಡು ಮಾತ್ರ ಸೆರಾಮಿಕ್, ರಿಂಗ್‌ಗಳು ಸ್ಟೀಲೇ. ತುಕ್ಕು ಹಿಡಿಯುವುದು ರಿಂಗಿಗೆ. ಗುಂಡು ಗಟ್ಟಿ ಇದ್ದಷ್ಟೂ ಒಳಗೆ ಕೆಸರು ಹೋದಾಗ ಪೆಟ್ಟು ತಿನ್ನುವುದು ಹಳಿಯೇ.

ಇನ್ನು ವೇಗದ ಲೆಕ್ಕ. 29 ಇಂಚಿನ ಚಕ್ರದ ಸುತ್ತಳತೆ ಹತ್ತಿರ ಹತ್ತಿರ 2.3 ಮೀಟರ್. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೂ ಚಕ್ರ ನಿಮಿಷಕ್ಕೆ 220 ಸುತ್ತು ಮುಟ್ಟುವುದಿಲ್ಲ. ಈ ಬೇರಿಂಗ್‌ಗಳು ನಿಮಿಷಕ್ಕೆ ಸಾವಿರಾರು ಸುತ್ತು ತಡೆಯುತ್ತವೆ. ಅವಕ್ಕೆ ನಮ್ಮ ಚಕ್ರ ನಿಂತ ಹಾಗೇ ಲೆಕ್ಕ. ನಮಗೆ ಬೇಕಾದದ್ದು ಬೆಣ್ಣೆಯಂತೆ ತಿರುಗುವ ಬೇರಿಂಗ್ ಅಲ್ಲ, ನೀರು ಬಿಡದ ಬೇರಿಂಗ್. ಸ್ವಲ್ಪ ಬಿಗಿ ಸೀಲ್, ಸ್ವಲ್ಪ ಜಾಸ್ತಿ ಗ್ರೀಸ್.

ತಗ್ಗುದಿಣ್ಣೆ · ಶನಿವಾರ ರಾತ್ರಿ
ಎಬೆಕ್ 7 ತಗೊಂಡರೂ ಪ್ರಯೋಜನ ಇಲ್ಲ ಅನ್ನುತ್ತೀರಾ?

ಅಳತೆಪಟ್ಟಿ · ಶನಿವಾರ ರಾತ್ರಿ
ಎಬೆಕ್ ಹೇಳುವುದು ಎಷ್ಟು ನಿಖರವಾಗಿ ತಯಾರಾಗಿದೆ ಅನ್ನುವುದನ್ನು. ಸೀಲ್ ಹೇಗಿದೆ, ಗ್ರೀಸ್ ಎಂಥದ್ದು, ಸ್ಟೀಲ್ ಎಂಥದ್ದು ಅನ್ನುವುದರ ಬಗ್ಗೆ ಅದು ಏನೂ ಹೇಳುವುದಿಲ್ಲ.

ಏರುಪೇರು · ಶನಿವಾರ ರಾತ್ರಿ
ತಗ್ಗುದಿಣ್ಣೆಯವರು ಈಗಾಗಲೇ ಎಬೆಕ್ 7 ಸೆರಾಮಿಕ್ ಹಾಕಿಸಿಕೊಂಡಿದ್ದಾರೆ ಅಂತ ನನ್ನ ಅನುಮಾನ.

ತಗ್ಗುದಿಣ್ಣೆ · ಶನಿವಾರ ರಾತ್ರಿ
ಮುಂದಿನ ಚಕ್ರಕ್ಕೆ ಮಾತ್ರ.

ಗ್ರೀಸ್‌ಕೈ · ಭಾನುವಾರ ಬೆಳಗ್ಗೆ
ನಾಲ್ಕು ಬೇಕಿದ್ದರೆ ಐದು ತಗೊಳ್ಳಿ. ಹೊರಗೆ 28 ಇರುವುದನ್ನೇ ಒಂದು ಹೆಚ್ಚಿಗೆ. ಮೊದಲ ಸಲ ಮಾಡುವವರು ಒಂದನ್ನಾದರೂ ಕೆಡಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಕೆಡಿಸಿದ್ದೇನೆ.

ಹಳೇ ಕಾಲದ, ಬಿಡಿ ಗುಂಡುಗಳ ಕೋನ್ ಹಬ್ಬೇ ಚಂದ ಇತ್ತು ಅನ್ನಿಸುತ್ತದೆ. ಹಿಂದಿನ ಚಕ್ರಕ್ಕೆ ಕಾಲು ಇಂಚಿನ ಗುಂಡು, ಸಾಮಾನ್ಯವಾಗಿ ಬದಿಗೆ ಒಂಬತ್ತು. ಎರಡು ತೆಳು ಕೋನ್ ಸ್ಪ್ಯಾನರ್ ಇದ್ದರೆ ಮುಗಿಯಿತು. ಒತ್ತುವುದಿಲ್ಲ, ಹೊಡೆಯುವುದಿಲ್ಲ. ಒಂದು ಸಲ ಹದಿನೆಂಟು ಗುಂಡಿನಲ್ಲಿ ಹದಿನೇಳೇ ಸಿಕ್ಕವು. ಅರ್ಧ ಗಂಟೆ ನೆಲ ಗುಡಿಸಿ ಮ್ಯಾಗ್ನೆಟ್ ಆಡಿಸಿದೆ. ಕೊನೆಗೆ ನೋಡಿದರೆ ಗ್ರೀಸಿನ ಜೊತೆ ನನ್ನ ಮೊಣಕೈಗೇ ಅಂಟಿಕೊಂಡಿತ್ತು.

ಚೈನ್‌ಕಟ್ · ಭಾನುವಾರ ಬೆಳಗ್ಗೆ
ಆದರೆ ಕೋನ್ ಹಬ್‌ನಲ್ಲಿ ಕಪ್ (ಹಬ್ಬಿನಲ್ಲೇ ಇರುವ, ಗುಂಡು ಓಡುವ ಬಟ್ಟಲು) ಗುಳಿ ಬಿದ್ದರೆ ಹೆಚ್ಚಿನವುಗಳಲ್ಲಿ ಹಬ್ಬೇ ಹೋಯಿತು. ಕೋನ್ ಬದಲಿಸಬಹುದು, ಗುಂಡು ಬದಲಿಸಬಹುದು, ಕಪ್ ಬದಲಿಸಲಾಗದು. ಇದರಲ್ಲಿ ಆ ಹೆದರಿಕೆ ಇಲ್ಲ.

ಗ್ರೀಸ್‌ಕೈ · ಭಾನುವಾರ ಬೆಳಗ್ಗೆ
ಗ್ರೀಸ್ ಹಾಕುತ್ತಿದ್ದರೆ ಕಪ್ ಯಾಕೆ ಹೋಗುತ್ತದೆ? ಎರಡು ವರ್ಷ ಬಿಚ್ಚದೆ ನೀರಿನಲ್ಲಿ ಓಡಿಸಿದರೆ ಯಾವ ಹಬ್ಬೂ ಉಳಿಯುವುದಿಲ್ಲ. (ಮಣ್ಣುದಾರಿ, ಇದು ನಿಮಗಲ್ಲ.)

ಮಣ್ಣುದಾರಿ · ಭಾನುವಾರ ಬೆಳಗ್ಗೆ
ನನಗೇ ಅಂತ ಗೊತ್ತಾಯಿತು ಸರ್.

ಮಣ್ಣುದಾರಿ · ಮುಂದಿನ ಶನಿವಾರ ಮಧ್ಯಾಹ್ನ
ಬೇರಿಂಗ್ ಬಂದವು (ಐದು!). ಇವತ್ತು ಬಿಚ್ಚಲು ಕೂತೆ. ಫ್ರೀಹಬ್‌ನ ಎರಡೂ ಸಲೀಸಾಗಿ ಬಂದವು. ಡಿಸ್ಕ್ ಕಡೆಯದು ಆಕ್ಸೆಲ್ ಜೊತೆ ಹಾಗೇ ಬಂತು. ಗೇರ್ ಕಡೆಯದು ಕೈ ಕೊಟ್ಟಿತು.

ಸುತ್ತಲೂ ತಟ್ಟುತ್ತಿದ್ದೆ. ಆರೇಳನೇ ಪೆಟ್ಟಿಗೆ ‘ಚಟ್’ ಅಂತು. ಒಳರಿಂಗ್ ಒಂದೇ ಕಳಚಿ ನೆಲಕ್ಕೆ ಬಿತ್ತು, ಅದರ ಹಿಂದೆ ಕಂದು ನೀರಿನಲ್ಲಿ ನೆಂದ ಗುಂಡುಗಳು ಒಂದೊಂದಾಗಿ ಉದುರಿದವು. ಒಳಗೆ ಗ್ರೀಸ್ ಅನ್ನುವುದೇ ಇರಲಿಲ್ಲ, ಬರೀ ಕಂದು ಕೆಸರು. ಗುಂಡು ಹಿಡಿದಿಡುವ ಕೇಜ್ ಚೂರು ಚೂರು. ಹೊರರಿಂಗ್ ಮಾತ್ರ ಗೂಡಿನಲ್ಲಿ ಭದ್ರವಾಗಿ ಕೂತಿದೆ. ಹಿಂದಿನಿಂದ ಪಂಚ್ ಇಡೋಣ ಅಂದರೆ ಗೂಡಿನ ಮೆಟ್ಟಿಲು ಅದರ ಅಂಚನ್ನು ಪೂರ್ತಿ ಮುಚ್ಚಿದೆ. ಪಂಚ್ ಎಲ್ಲೂ ಕಚ್ಚುತ್ತಿಲ್ಲ. ಈಗೇನು ಮಾಡಲಿ?

ಏರುಪೇರು · ಶನಿವಾರ ಮಧ್ಯಾಹ್ನ
ಮೊದಲು ಸುತ್ತಿಗೆ ಕೆಳಗಿಡಿ.

ಚೈನ್‌ಕಟ್ · ಶನಿವಾರ ಮಧ್ಯಾಹ್ನ
ಡಬ್ಲ್ಯೂಡಿ-40 ಹೊಡೆದು ಒಂದು ರಾತ್ರಿ ಬಿಡಿ.

ಗ್ರೀಸ್‌ಕೈ · ಶನಿವಾರ ಮಧ್ಯಾಹ್ನ
ವೆಲ್ಡಿಂಗ್ ಮಾಡುವವರು ಗೊತ್ತಿದ್ದರೆ ಆ ರಿಂಗಿನ ಒಳಮೈಗೆ ಒಂದು ಸುತ್ತು ವೆಲ್ಡ್ ಎಳೆಸಿ. ವೆಲ್ಡ್ ಆರುವಾಗ ಕುಗ್ಗಿ ರಿಂಗನ್ನೂ ಒಳಕ್ಕೆ ಎಳೆಯುತ್ತದೆ. ತಣ್ಣಗಾದ ಮೇಲೆ ಮಗುಚಿ ತಟ್ಟಿದರೆ ತಾನಾಗೇ ಬೀಳುತ್ತದೆ. ದೊಡ್ಡ ಮೆಷಿನ್‌ಗಳಲ್ಲಿ ನಾವು ಹೀಗೇ ತೆಗೆಯುತ್ತಿದ್ದದ್ದು.

ಎರಡುಚಕ್ರದವಳು · ಶನಿವಾರ ಮಧ್ಯಾಹ್ನ
ದೊಡ್ಡ ಮೆಷಿನ್ ಸರಿ. ತೆಳು ಅಲ್ಯೂಮಿನಿಯಂ ಹಬ್ ಪಕ್ಕದಲ್ಲಿ ವೆಲ್ಡಿಂಗ್ ಕಿಡಿ ಹಾರಿಸುವುದು ನನಗಂತೂ ಬೇಡ. ಗೋಡೆಗೆ ಹೊಡೆಯುವ ಆಂಕರ್ ಬೋಲ್ಟ್ ಇದೆಯಲ್ಲ, ತಿರುಪಿದರೆ ತೋಳು ಅಗಲವಾಗುವಂಥದ್ದು, ಅದನ್ನು ರಿಂಗಿನೊಳಗೆ ಇಟ್ಟು ಬಿಗಿ ಮಾಡಿ. ಗುಂಡು ಓಡುವ ಹಳಿ ಗುಣಿಯಾಗಿದೆ, ಅದಕ್ಕೆ ಚೆನ್ನಾಗಿ ಕಚ್ಚುತ್ತದೆ. ಆಮೇಲೆ ಎದುರು ಬದಿಯಿಂದ ಉದ್ದ ಸರಳು ತೂರಿಸಿ ಬೋಲ್ಟ್ ತಲೆಗೆ ಹೊಡೆಯಿರಿ. ಅಂಗಡಿಯಲ್ಲಿ ಸಿಗುವ ಬ್ಲೈಂಡ್ ಪುಲ್ಲರ್ ಮಾಡುವುದೂ ಇದನ್ನೇ.

ಅಳತೆಪಟ್ಟಿ · ಶನಿವಾರ ಮಧ್ಯಾಹ್ನ
ಅದಕ್ಕಿಂತ ಮೊದಲು ಬಿಸಿ ಮಾಡಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 28 ಮಿ.ಮೀ. ಗೂಡನ್ನು 60 ಡಿಗ್ರಿ ಮೇಲಕ್ಕೆ ಬಿಸಿ ಮಾಡಿದರೆ 0.04 ಮಿ.ಮೀ.ನಷ್ಟು ಅಗಲವಾಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸಬಹುದು. ಆದರೆ ಬೇರಿಂಗನ್ನು ಹಿಡಿದಿರುವ ಬಿಗಿ ಇರುವುದೇ ಮಿಲಿಮೀಟರಿನ ನೂರನೇ ಒಂದೆರಡು ಭಾಗದಲ್ಲಿ.

ಬೆಂಕಿ ಬೇಡ. ಕುದಿಯುವ ನೀರನ್ನು ಹಬ್ ಮೇಲೆ ನಿಧಾನವಾಗಿ ಸುರಿಯಿರಿ, ರಿಮ್ ಕಡೆ ಹೋಗದ ಹಾಗೆ. ಹಾಕುವಾಗಲೂ ಇದೇ ಉಪಾಯ: ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಿ. ಅದು 0.01 ಮಿ.ಮೀ. ಚಿಲ್ಲರೆ ಕುಗ್ಗುತ್ತದೆ. ಬಿಸಿ ಹಬ್ಬು, ತಣ್ಣನೆ ಬೇರಿಂಗು, ಅರ್ಧ ಕೆಲಸ ತಾನಾಗೇ ಆಗುತ್ತದೆ.

ಹೊಸಬ29 · ಶನಿವಾರ ಮಧ್ಯಾಹ್ನ
ಫ್ರೀಜರ್‌ನಿಂದ ತೆಗೆದರೆ ಬೇರಿಂಗ್ ಮೇಲೆ ನೀರು ಕೂರುವುದಿಲ್ಲವಾ?

ಅಳತೆಪಟ್ಟಿ · ಶನಿವಾರ ಮಧ್ಯಾಹ್ನ
ಕೂರುತ್ತದೆ. ಬೇಗ ಒರೆಸಿ ಬೇಗ ಹಾಕಬೇಕು. ಎಲ್ಲ ಸಾಮಾನು ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಫ್ರೀಜರ್ ಬಾಗಿಲು ತೆಗೆಯಿರಿ.

ಮಣ್ಣುದಾರಿ · ಶನಿವಾರ ರಾತ್ರಿ
ಬಂತು!! ಎರಡು ಕೆಟಲ್ ಕುದಿನೀರು, ಒಂದು ಆಂಕರ್ ಬೋಲ್ಟ್. ಮೊದಲ ಎರಡು ಪೆಟ್ಟಿಗೆ ಬೋಲ್ಟ್ ಜಾರಿತು. ಇನ್ನೊಂದು ಸುತ್ತು ಬಿಗಿ ಮಾಡಿ ಹೊಡೆದಾಗ ರಿಂಗ್ ಕೂದಲೆಳೆಯಷ್ಟು ಸರಿಯಿತು. ಆಮೇಲೆ ನಾಲ್ಕೇ ಪೆಟ್ಟು. ರಿಂಗಿನ ಹೊರಮೈ ಮೇಲೆ ಬೂದಿಯ ಹಾಗೆ ಬಿಳಿ ಪುಡಿ ಕಟ್ಟಿತ್ತು. ನಾಳೆ ಹೊಸದು ಹಾಕುತ್ತೇನೆ.

ಗ್ರೀಸ್‌ಕೈ · ಶನಿವಾರ ರಾತ್ರಿ
ಆ ಬಿಳಿ ಪುಡಿ ಅಲ್ಯೂಮಿನಿಯಂ ತುಕ್ಕು. ಗೂಡಿನೊಳಗೂ ಇರುತ್ತದೆ. ಪೂರ್ತಿ ಒರೆಸಿ, ಆಮೇಲೆ ತೆಳ್ಳಗೆ ಗ್ರೀಸ್ ಸವರಿ ಹಾಕಿ. ಮುಂದಿನ ಸಲ ತೆಗೆಯುವುದು ಸುಲಭ.

ತಗ್ಗುದಿಣ್ಣೆ · ಶನಿವಾರ ರಾತ್ರಿ
ಗ್ರೀಸ್ ಯಾಕೆ, ಲಾಕ್‌ಟೈಟ್ ಅಂಟು ಹಾಕಿದರೆ ಅಲ್ಲಾಡುವುದೇ ಇಲ್ಲ.

ಅಳತೆಪಟ್ಟಿ · ಶನಿವಾರ ರಾತ್ರಿ
ಬೇರಿಂಗ್ ಗೂಡಿನಲ್ಲಿ ಬಿಗಿಯಾಗಿ ಕೂತರೆ ಅದು ಬೇಡ. ಗೂಡು ಸವೆದು ಬೇರಿಂಗ್ ಕೈಯಲ್ಲೇ ಒಳಗೆ ಹೋಗುವಂತಿದ್ದರೆ ಮಾತ್ರ ಬೇಕು. ಅದೂ ಬೋಲ್ಟಿಗೆ ಹಾಕುವ ಥ್ರೆಡ್‌ಲಾಕ್ ಅಲ್ಲ. ಬೇರಿಂಗ್ ಕೂರಿಸಲೆಂದೇ ಬೇರೆ ಇದೆ, 641 ಅಂಥದ್ದು. ಅದನ್ನು ಆಮೇಲೆ ಬಿಚ್ಚಬಹುದು. ಇನ್ನೂ ಗಟ್ಟಿಯಾದದ್ದು ಹಾಕಿದರೆ ಮುಂದಿನ ಸಲ ನೀವೇ ಅಳುತ್ತೀರಿ.

ಮಣ್ಣುದಾರಿ · ಭಾನುವಾರ ಸಂಜೆ
ನಾಲ್ಕೂ ಬೇರಿಂಗ್ ಕೂತವು. ಕೈಯಲ್ಲಿ ಹಿಡಿದು ಚಕ್ರ ತಿರುಗಿಸಿದರೆ ಚೆನ್ನಾಗಿ ತಿರುಗುತ್ತದೆ. ಸ್ವಲ್ಪ ಬಿಗಿ ಅನ್ನಿಸಿತು, ಹೊಸದಲ್ವಾ ಅಂತ ಬಿಟ್ಟೆ. ಬೈಕಿಗೆ ಹಾಕಿ ಥ್ರೂ ಆಕ್ಸೆಲ್ (ಹಬ್ ಮೂಲಕ ಹಾದು ಚಕ್ರವನ್ನು ಫ್ರೇಮಿಗೆ ಬಿಗಿಯುವ ಸರಳು) ಬಿಗಿ ಮಾಡಿದೆ ನೋಡಿ, ಚಕ್ರ ಎರಡು ಸುತ್ತಿಗೇ ನಿಲ್ಲುತ್ತದೆ! ಆಕ್ಸೆಲ್ ಸಡಿಲ ಮಾಡಿದರೆ ಮತ್ತೆ ತಿರುಗುತ್ತದೆ. ಬ್ರೇಕ್ ಉಜ್ಜುತ್ತಿದೆಯಾ ಅಂತ ಕ್ಯಾಲಿಪರ್ ಬಿಚ್ಚಿಟ್ಟು ನೋಡಿದೆ. ಅದಲ್ಲ.

ತಗ್ಗುದಿಣ್ಣೆ · ಭಾನುವಾರ ಸಂಜೆ
ಜಾಸ್ತಿ ಬಿಗಿ ಮಾಡಿದ್ದೀರಿ. ಎಷ್ಟು ಟಾರ್ಕ್ ಅಂತ ಆಕ್ಸೆಲ್ ಮೇಲೇ ಬರೆದಿರುತ್ತದೆ.

ಎರಡುಚಕ್ರದವಳು · ಭಾನುವಾರ ಸಂಜೆ
ಟಾರ್ಕ್ ಅಲ್ಲ. ಹಬ್ ಸರಿ ಇದ್ದರೆ ಆ ಬಿಗಿಯೆಲ್ಲ ಎಂಡ್‌ಕ್ಯಾಪ್, ಒಳರಿಂಗ್, ನಡುವಿನ ಆಕ್ಸೆಲ್ ಮೂಲಕವೇ ಹೋಗುತ್ತದೆ, ಗುಂಡುಗಳಿಗೆ ಗೊತ್ತೂ ಆಗುವುದಿಲ್ಲ. ಎರಡನೇ ಬೇರಿಂಗನ್ನು ಜಾಸ್ತಿ ಒಳಗೆ ಒತ್ತಿರಬಹುದು. ಆಕ್ಸೆಲ್ ತುದಿಗೆ ಎರಡು ಕಡೆಯಿಂದಲೂ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಒಂದೊಂದು ಸಣ್ಣ ಪೆಟ್ಟು ಕೊಡಿ. ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ.

ಮಣ್ಣುದಾರಿ · ಭಾನುವಾರ ರಾತ್ರಿ
ಕೊಟ್ಟೆ. ಏನೂ ಬದಲಾಗಲಿಲ್ಲ.

ಅಳತೆಪಟ್ಟಿ · ಭಾನುವಾರ ರಾತ್ರಿ
ಜಾಸ್ತಿ ಒತ್ತಿದ್ದರೆ ಚಕ್ರ ಕೈಯಲ್ಲಿದ್ದಾಗಲೂ ಹೀಗೇ ಗಟ್ಟಿಯಾಗಿ ಹಿಡಿಯಬೇಕಿತ್ತು. ನಿಮ್ಮದು ಬಿಗಿ ಮಾಡಿದಾಗ ಮಾತ್ರ ಹಿಡಿಯುತ್ತದೆ. ಅಂದರೆ ಉಲ್ಟಾ ಕೇಸು. ಎರಡು ಬೇರಿಂಗ್‌ಗಳ ನಡುವಿನ ದೂರ ಜಾಸ್ತಿಯಾಗಿದೆ. ಒಂದು ಕಡೆ ಒಳರಿಂಗಿಗೂ ಆಕ್ಸೆಲ್ ಮೆಟ್ಟಿಲಿಗೂ ಸಂದು ಉಳಿದಿದೆ. ಥ್ರೂ ಆಕ್ಸೆಲ್ ಬಿಗಿ ಮಾಡಿದ ಹಾಗೆ ಆ ಸಂದು ಮುಚ್ಚಲು ಒಳರಿಂಗ್ ಒಳಕ್ಕೆ ಹೋಗುತ್ತದೆ, ಹೊರರಿಂಗ್ ಇದ್ದಲ್ಲೇ ಇರುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಗುಂಡುಗಳು.

ಅಂದರೆ ಯಾವುದೋ ಒಂದು ಬೇರಿಂಗ್ ತಳ ಮುಟ್ಟಿಲ್ಲ. ಹಬ್ ಅಂಚಿನಿಂದ ಬೇರಿಂಗ್ ಎಷ್ಟು ಒಳಗಿದೆ ಅಂತ ವರ್ನಿಯರ್ ಬಾಲದಿಂದ ನಾಲ್ಕು ಕಡೆ ಅಳೆಯಿರಿ. ಎರಡೂ ಬದಿ.

ಮಣ್ಣುದಾರಿ · ಭಾನುವಾರ ರಾತ್ರಿ
ಡಿಸ್ಕ್ ಕಡೆ ನಾಲ್ಕೂ ಜಾಗದಲ್ಲಿ ಒಂದೇ ಅಳತೆ. ಗೇರ್ ಕಡೆ ಒಂದು ಜಾಗದಲ್ಲಿ 0.6, ಅದರ ಎದುರಿಗೆ 0.4!

ಅಳತೆಪಟ್ಟಿ · ಭಾನುವಾರ ರಾತ್ರಿ
ಅಲ್ಲೇ ಇದೆ. 0.4 ಇರುವ ಕಡೆ ತಳದಲ್ಲಿ ಏನೋ ಕೂತಿದೆ. ಹಳೇ ಕೇಜಿನ ಚೂರು ಎಲ್ಲ ಲೆಕ್ಕ ಹಾಕಿ ತೆಗೆದಿದ್ದಿರಾ?

ಮಣ್ಣುದಾರಿ · ಭಾನುವಾರ ರಾತ್ರಿ
…

ಏರುಪೇರು · ಭಾನುವಾರ ರಾತ್ರಿ
ಈ ಮೂರು ಚುಕ್ಕಿಯಲ್ಲಿ ಇಡೀ ಕಥೆ ಇದೆ.

ಮಣ್ಣುದಾರಿ · ಸೋಮವಾರ ರಾತ್ರಿ
ಕೆಲಸ ಮುಗಿಸಿ ಬಂದು ಮತ್ತೆ ಕುದಿನೀರು ಸುರಿದು ಬಿಚ್ಚಿದೆ. ಗೂಡಿನ ಮೂಲೆಯಲ್ಲಿ, ಮೆಟ್ಟಿಲು ತಿರುಗುವ ಜಾಗದಲ್ಲಿ, ಆ ಬಿಳಿ ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟಿ ಕೂತಿತ್ತು. ಅದರೊಳಗೆ ಉಗುರಿನ ತುದಿಯಷ್ಟು ಕೇಜ್ ಚೂರು. ಬಟ್ಟೆಯಲ್ಲಿ ಒರೆಸಿದ್ದೆ, ಮೂಲೆಗೆ ಬಟ್ಟೆ ಹೋಗಿರಲಿಲ್ಲ. ಹಲ್ಲುಕಡ್ಡಿಯಲ್ಲಿ ಕೆರೆದು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ತೆಗೆದೆ. ಐದನೇ ಬೇರಿಂಗ್ ಹಾಕಿದೆ (ಗ್ರೀಸ್‌ಕೈ ಸರ್, ನಿಮಗೆ ದೊಡ್ಡ ನಮಸ್ಕಾರ). ಈಗ ನಾಲ್ಕೂ ಕಡೆ 0.6. ಆಕ್ಸೆಲ್ ಪೂರ್ತಿ ಬಿಗಿ ಮಾಡಿದರೂ ಚಕ್ರ ತಿರುಗುತ್ತಲೇ ಇದೆ. ಪ್ಲೇ ಇಲ್ಲವೇ ಇಲ್ಲ.

ಚೈನ್‌ಕಟ್ · ಸೋಮವಾರ ರಾತ್ರಿ
ತೆಗೆದ ಆ ಹೊಸ ಬೇರಿಂಗ್ ಎಸೆಯಬೇಡಿ. ಬಿಸಿ ಮಾಡಿ ಮೆತ್ತಗೆ ತೆಗೆದಿದ್ದರೆ ಏನೂ ಆಗಿರುವುದಿಲ್ಲ.

ಎರಡುಚಕ್ರದವಳು · ಸೋಮವಾರ ರಾತ್ರಿ
ಓರೆಯಾಗಿ ಕೂತು, ಬಿಗಿಯಲ್ಲಿ ತಿರುಗಿ, ಆಮೇಲೆ ಹೊಡೆಸಿಕೊಂಡ ಬೇರಿಂಗ್. ಎಸೆಯಿರಿ.

ಚೈನ್‌ಕಟ್ · ಸೋಮವಾರ ರಾತ್ರಿ
ಎಲ್ಲವನ್ನೂ ಎಸೆಯುತ್ತಾ ಹೋದರೆ ಹೇಗೆ ಮೇಡಂ. ಬೆರಳಲ್ಲಿ ತಿರುಗಿಸಿ ನೋಡಲಿ, ನುಣ್ಣಗಿದ್ದರೆ ಇಟ್ಟುಕೊಳ್ಳಲಿ.

ಗ್ರೀಸ್‌ಕೈ · ಸೋಮವಾರ ರಾತ್ರಿ
ಇಟ್ಟುಕೊಳ್ಳಿ, ಆದರೆ ಒತ್ತುವ ಸಾಧನ ಅಂತ. ಅಂಚು ಉಜ್ಜಿಬಿಟ್ಟರೆ ಅದನ್ನು ಮತ್ತೆ ಹಾಕುವ ಆಸೆಯೂ ಇರುವುದಿಲ್ಲ. ಮತ್ತೆ ಫ್ರೀಹಬ್‌ನ ಪಾಲ್‌ಗಳಿಗೆ ಬೇರಿಂಗ್ ಗ್ರೀಸ್ ತುಂಬಿಲ್ಲ ತಾನೇ? ಗಟ್ಟಿ ಗ್ರೀಸ್ ತುಂಬಿದರೆ ಪಾಲ್ ಅಂಟಿಕೊಂಡು ಸಮಯಕ್ಕೆ ಸರಿಯಾಗಿ ಏಳುವುದಿಲ್ಲ. ನಿಂತು ಪೆಡಲ್ ಒತ್ತಿದಾಗ ಕಾಲು ಖಾಲಿ ಹೋಗಿ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತದೆ. ಅಲ್ಲಿಗೆ ತೆಳು ಗ್ರೀಸ್, ಅದೂ ಸವರಿದ ಹಾಗೆ.

ಮಣ್ಣುದಾರಿ · ಸೋಮವಾರ ರಾತ್ರಿ
ತುಂಬಿದ್ದೆ. ಈಗಲೇ ಹೋಗಿ ಒರೆಸುತ್ತೇನೆ.

ಹೊಸಬ29 · ಮಂಗಳವಾರ ಬೆಳಗ್ಗೆ
ನನ್ನದು ಆರು ತಿಂಗಳ ಬೈಕ್. ಈಗಿನಿಂದ ಏನು ಮಾಡಿದರೆ ಇಷ್ಟೆಲ್ಲ ತಪ್ಪುತ್ತದೆ?

ಎರಡುಚಕ್ರದವಳು · ಮಂಗಳವಾರ ಬೆಳಗ್ಗೆ
ಪ್ರೆಷರ್ ನೀರನ್ನು ಹಬ್‌ಗೆ ನೇರ ಬಿಡಬೇಡಿ. ಆಳದ ನೀರಿನಲ್ಲಿ ಇಳಿದ ವಾರ ಎಂಡ್‌ಕ್ಯಾಪ್ ತೆಗೆದು ಒರೆಸಿ ಸ್ವಲ್ಪ ಗ್ರೀಸ್ ಸವರಿ. ಅಷ್ಟು ಸಾಕು.

ಮಣ್ಣುದಾರಿ · ಬುಧವಾರ ಸಂಜೆ
ಇವತ್ತು ಎರಡು ಗಂಟೆ ಓಡಿಸಿದೆ. ಚಕ್ರದಿಂದ ಒಂದು ಸದ್ದಿಲ್ಲ. ಇಳಿಜಾರಿನಲ್ಲಿ ಫ್ರೀಹಬ್ ಟಿಕಟಿಕ ಬಿಟ್ಟರೆ ಏನೂ ಕೇಳಲಿಲ್ಲ. ಆದರೆ ಏರು ಹತ್ತುವಾಗ ಆ ‘ಟಕ್’ ಹಾಗೇ ಇದೆ. ಪೆಡಲ್ ಸುತ್ತಿಗೆ ಒಂದು ಸಲ.

ಸದ್ದುಗದ್ದಲ · ಬುಧವಾರ ಸಂಜೆ
ಹನ್ನೊಂದು ದಿನದಿಂದ ಕಾಯುತ್ತಿದ್ದೆ. ಎರಡೂ ಪೆಡಲ್ ಬಿಚ್ಚಿ, ಥ್ರೆಡ್ ಒರೆಸಿ, ಗ್ರೀಸ್ ಹಾಕಿ ಬಿಗಿ ಮಾಡಿ. ಎಡಗಡೆಯದು ಉಲ್ಟಾ ಥ್ರೆಡ್, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಆಂಕರ್ ಬೋಲ್ಟ್ ಬೇಡ.

ಮಣ್ಣುದಾರಿ · ಬುಧವಾರ ರಾತ್ರಿ
ಬಲಗಡೆ ಪೆಡಲ್ ಕೈಯಲ್ಲೇ ತಿರುಗುವಷ್ಟು ಸಡಿಲ ಇತ್ತು ಸರ್.